ಹರಿತ, ಚುರುಕು, ತಿಳಿ

ಮಕ್ಕಳೇ, ದೊಡ್ಡವರು ನಿಮ್ಮ ಓದಿನ ಬಗ್ಗೆ ಮಾತಾಡಿಕೊಳ್ಳುವಾಗ ಕೆಲವು ಇಂಗ್ಲಿಷ್ ಮಾತುಗಳು ಕಿವಿಗೆ ಬೀಳುತ್ತವೆ. ಇವಳು ಬ್ರೈಟ್, ಅವನು ಶಾರ್ಪ್, ಇನ್ನೊಬ್ಬಳು ಸ್ಮಾರ್ಟ್. ಹಿಂದಿನ ಬೆಂಚಿನ ಹುಡುಗ ಮಾತ್ರ ಡಲ್. ಹಾಗೆ ಕರೆಸಿಕೊಂಡ ಮಗುವಿನ ಮುಖ ಸಪ್ಪಗಾಗುವುದನ್ನು ನಾನು ನೋಡಿದ್ದೇನೆ. ಈ ಮಾತುಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಬೊಂಬೆಗಳ ಊರಿಗೆ ಹೋಗಿಬರೋಣ, ಬನ್ನಿ.

ಆಂಧ್ರದ ವಿಜಯವಾಡದ ಹತ್ತಿರ ಕೊಂಡಪಲ್ಲಿ ಇದೆ. ಬೆಟ್ಟದ ಮೇಲೆ ಹಳೆಯ ಕೋಟೆ. ನಮ್ಮ ಕೃಷ್ಣದೇವರಾಯ ಗೆದ್ದುಕೊಂಡ ಕೋಟೆ ಅದು. ಬೆಟ್ಟದ ಕೆಳಗೆ ಬೊಂಬೆ ಮಾಡುವವರ ಮನೆಗಳು. ಚನ್ನಪಟ್ಟಣದಲ್ಲಿ ಮರದ ತುಂಡು ಗರಗರ ತಿರುಗುತ್ತಾ ಬೊಂಬೆಯಾಗುತ್ತದೆ. ಇಲ್ಲಿ ಉಳಿ ಹಿಡಿದು ಕೆತ್ತುತ್ತಾರೆ. ಮರದ ಹೆಸರು ತೆಲ್ಲ ಪೊಣಿಕಿ. ತೆಲುಗಿನಲ್ಲಿ ತೆಲ್ಲ ಎಂದರೆ ಬಿಳಿ. ಮೆತ್ತನೆಯ, ಬಲು ಹಗುರ ಮರ. ಹಸಿಯಾಗಿದ್ದಾಗಲೇ ಬೊಂಬೆ ಮಾಡಿದರೆ ಒಳಗಿನ ನೀರು ಆರಿದ ಹಾಗೆ ಮರ ಕುಗ್ಗಿ ಬಿರುಕು ಬಿಡುತ್ತದೆ. ಅದಕ್ಕೇ ಮೊದಲು ಒಣಗಿಸಿ, ಹದವಾದ ಬಿಸಿ ತೋರಿಸಿ, ತೇವವನ್ನು ಓಡಿಸುತ್ತಾರೆ. ಕೈ, ಕಾಲು, ಆನೆಯ ಸೊಂಡಿಲು ಎಲ್ಲವನ್ನೂ ಬೇರೆ ಬೇರೆ ಕೆತ್ತಿ ಆಮೇಲೆ ಅಂಟಿಸುತ್ತಾರೆ. ಅಂಟು ಯಾವುದು ಗೊತ್ತೇ? ಹುಣಸೆ ಬೀಜದ ಪುಡಿ ಮತ್ತು ಮರದ ಹೊಟ್ಟು ಸೇರಿಸಿದ ಮುದ್ದೆ, ಹೆಸರು ಮಕ್ಕು. ಹುಣಸೆ ಬೀಜದೊಳಗೆ ಸಕ್ಕರೆಯ ಕಣಗಳು ಉದ್ದುದ್ದ ಸರಪಳಿಯಾಗಿ ಕೂಡಿಕೊಂಡಿರುತ್ತವೆ. ಬಿಸಿನೀರು ಬಿದ್ದರೆ ಸರಪಳಿಗಳು ಉಬ್ಬಿ, ಒಂದಕ್ಕೊಂದು ಸಿಕ್ಕಿಕೊಂಡು ಅಂಟಾಗುತ್ತವೆ.

ಈಗ ಚೀಲ ಬಿಚ್ಚೋಣ. ಶಾರ್ಪ್ ಎಂದರೆ ಹರಿತ. ಅದು ಉಳಿಗೆ ಹೇಳುವ ಮಾತು. ಬ್ರೈಟ್ ಎಂದರೆ ಬೆಳಗುವುದು, ಅದು ದೀಪದ ಮಾತು. ಸ್ಮಾರ್ಟ್ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಹಳೆಯ ಇಂಗ್ಲಿಷಿನಲ್ಲಿ ಆ ಪದಕ್ಕೆ ಉರಿಯುವುದು, ನೋಯುವುದು ಎಂಬ ಅರ್ಥವಿತ್ತು. ನಮ್ಮ ಕನ್ನಡದಲ್ಲಿ? ಕಾದ ಕಾವಲಿಗೆ ಬೆರಳು ತಗುಲಿದರೆ ಚುರುಕ್ ಎನ್ನುತ್ತದೆ, ಬೇಗ ಕಲಿಯುವ ಹುಡುಗಿಯೂ ಚುರುಕು! ಎಲ್ಲಿಯ ಇಂಗ್ಲೆಂಡ್, ಎಲ್ಲಿಯ ಕನ್ನಡ ನಾಡು! ಎರಡೂ ಕಡೆಯ ಜನ ಸುಟ್ಟ ಬೆರಳಿನಿಂದಲೇ ಜಾಣತನಕ್ಕೆ ಹೆಸರು ಹುಡುಕಿದ್ದಾರೆ.

ಇನ್ನು ಡಲ್. ಮೊಂಡಾದ ಚಾಕುವಿಗೂ ಮಂಕಾದ ದೀಪಕ್ಕೂ ಇಂಗ್ಲಿಷಿನವರು ಇದೇ ಮಾತು ಹೇಳುತ್ತಾರೆ. ಕೊಂಡಪಲ್ಲಿಯಲ್ಲಿ ಮೊಂಡಾದ ಉಳಿಯನ್ನು ಯಾರೂ ಬಿಸಾಡುವುದಿಲ್ಲ. ಕಲ್ಲಿಗೆ ಮಸೆದು ಮತ್ತೆ ಕೆಲಸಕ್ಕೆ ಕೂರುತ್ತಾರೆ.

ತೆಲುಗಿನವರು ಬುದ್ಧಿಯನ್ನು ತೆಲಿವಿ ಎನ್ನುತ್ತಾರೆ. ನಮ್ಮ ‘ತಿಳಿವು’ ಅದರ ಒಡಹುಟ್ಟು. ತಿಳಿ ಎಂದರೆ ಅರಿ, ತಿಳಿ ಎಂದರೆ ನಿರ್ಮಲ. ಕದಡಿದ ಕೊಳ ತಿಳಿಯಾಗುತ್ತದಲ್ಲ, ಅಮ್ಮ ತಿಳಿಸಾರು ಬಡಿಸುತ್ತಾರಲ್ಲ, ಅದೇ ತಿಳಿ. ಗೊತ್ತಾಗುವುದು ಎಂದರೆ ಕೆಸರು ಕೆಳಗೆ ಕೂತು ನೀರು ಸ್ವಚ್ಛವಾಗುವುದು. ಅದಕ್ಕೆ ಒಂದಿಷ್ಟು ಹೊತ್ತು ಬೇಕು. ಕೊಳವನ್ನು ಬೈದು ಬೇಗ ತಿಳಿಯಾಗಿಸಲು ಆಗುವುದಿಲ್ಲ.

ಇಂಗ್ಲಿಷಿನ ‘ಲರ್ನ್’ ಪದದ ಬೇರನ್ನು ಅಗೆದವರಿಗೆ ಅಡಿಯಲ್ಲಿ ಸಿಕ್ಕಿದ್ದು ನೇಗಿಲ ಸಾಲು, ಹೆಜ್ಜೆಯ ಜಾಡು. ಕಲಿಯುವುದು ಎಂದರೆ ಜಾಡು ಹಿಡಿದು ನಡೆಯುವುದು. ನಿಮ್ಮ ತಲೆಯೊಳಗೆ ನಡೆಯುವುದೂ ಬಹುಮಟ್ಟಿಗೆ ಇದೇ. ಅಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದು ಕೋಶ ಇನ್ನೊಂದಕ್ಕೆ ಸುದ್ದಿ ದಾಟಿಸುತ್ತದೆ. ಅದೇ ದಾರಿಯಲ್ಲಿ ಸುದ್ದಿ ಮತ್ತೆ ಮತ್ತೆ ಓಡಾಡಿದರೆ ಅವೆರಡರ ನಡುವಿನ ಸೇತುವೆ ಗಟ್ಟಿಯಾಗುತ್ತದೆ. ಕೆನಡಾದ ಮನೋವಿಜ್ಞಾನಿ ಡೊನಾಲ್ಡ್ ಹೆಬ್ 1949ರಲ್ಲಿ ಬರೆದ ಪುಸ್ತಕದಲ್ಲಿ ಈ ವಿಚಾರವಿದೆ. ಜೊತೆಗೆ, ನರದ ಉದ್ದನೆಯ ಎಳೆಗೆ ಮೈಲಿನ್ ಎಂಬ ಕೊಬ್ಬಿನ ಹೊದಿಕೆ ಸುತ್ತಿಕೊಂಡಿರುತ್ತದೆ. ಹೊದಿಕೆಯಿದ್ದರೆ ಸುದ್ದಿ ಎಷ್ಟೋ ಪಟ್ಟು ವೇಗವಾಗಿ ಓಡುತ್ತದೆ. ಹೊಲದಲ್ಲಿ ಮೊದಲ ದಿನ ನಡೆದಾಗ ಹುಲ್ಲು ಕಾಲಿಗೆ ತೊಡರುತ್ತದೆ. ತಿಂಗಳು ನಡೆದರೆ ಅದೇ ಕಾಲುದಾರಿ.

ಕೊಂಡಪಲ್ಲಿಯ ಮನೆಗಳಲ್ಲಿ ಈ ಕಸುಬು ಪುಸ್ತಕದಿಂದ ಬಂದದ್ದಲ್ಲ. ಹಿರಿಯರ ಪಕ್ಕ ಕೂತು, ನೋಡಿ, ಕೈಯಾಡಿಸಿ ಬಂದದ್ದು. ಎಷ್ಟು ಒತ್ತಿದರೆ ಚಕ್ಕೆ ಏಳುತ್ತದೆ, ಎಷ್ಟಕ್ಕೆ ಸೊಂಡಿಲು ಮುರಿಯುತ್ತದೆ ಎಂಬುದು ಅವರ ಬೆರಳಿಗೆ ಗೊತ್ತು. ಕೇಳಿದರೆ ಬಾಯಲ್ಲಿ ಹೇಳುವುದು ಕಷ್ಟ. ಹೇಳಲು ಬಾರದ ಈ ತಿಳಿವಳಿಕೆಯೂ ಬುದ್ಧಿಯೇ. ಯಾವ ಪ್ರಶ್ನೆಪತ್ರಿಕೆಯೂ ಇದನ್ನು ಸುಲಭವಾಗಿ ಅಳೆಯಲಾರದು.

ಬುದ್ಧಿಯನ್ನು ಅಳೆಯುವ ಪ್ರಯತ್ನವೇನೋ ನಡೆದಿದೆ. 1905ರಲ್ಲಿ ಪ್ಯಾರಿಸಿನ ಮನೋವಿಜ್ಞಾನಿ ಆಲ್ಫ್ರೆಡ್ ಬಿನೆ ಒಂದು ಪರೀಕ್ಷೆ ಸಿದ್ಧಮಾಡಿದರು. 1930ರ ದಶಕದಲ್ಲಿ ವಿ. ವಿ. ಕಾಮತರು ಅದನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗುವಂತೆ ತಿದ್ದಿದರು. ಯಾವ ಮಗುವಿಗೆ ಹೆಚ್ಚು ನೆರವು ಬೇಕು ಎಂದು ಗುರುತಿಸಲು ಬಿನೆ ಹೊರಟಿದ್ದರು. ಮಗುವಿನ ಬುದ್ಧಿ ಇಷ್ಟೇ, ಇನ್ನು ಬೆಳೆಯದು ಎನ್ನುವವರನ್ನು ಅವರು ಒಪ್ಪಲೇ ಇಲ್ಲ. ಇಂಥ ಪರೀಕ್ಷೆಗಳಿಂದ ಬರುವ ಐಕ್ಯೂ ಎಂಬ ಅಂಕಿಯನ್ನು ಹಿಡಿದು ಮಕ್ಕಳನ್ನು ಹೋಲಿಸುವವರು ಇದನ್ನು ಮರೆತಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ನಿಮ್ಮ ತಲೆಯೊಳಗೂ ಜಾಡು ಮೂಡುವುದನ್ನು ನೋಡಬೇಕೇ? ದಿನಾ ಬರೆಯುವ ಕೈ ಬಿಟ್ಟು ಇನ್ನೊಂದು ಕೈಯಲ್ಲಿ ನಿಮ್ಮ ಹೆಸರು ಬರೆಯಿರಿ. ದಿನಕ್ಕೆ ಐದೇ ನಿಮಿಷ, ಮೂರು ವಾರ. ಮೊದಮೊದಲು ಅಕ್ಷರ ಕೊಂಡಪಲ್ಲಿಯ ಗೂನು ಬೆನ್ನಿನ ಎತ್ತಿನ ಹಾಗೆ ಡೊಂಕಾಗಿರುತ್ತದೆ. ಇರಲಿ. ಹಾಳೆಯ ಮೂಲೆಯಲ್ಲಿ ತಾರೀಕು ಹಾಕಿ, ಮೊದಲ ದಿನದ್ದನ್ನು ಜೋಪಾನವಾಗಿ ಎತ್ತಿಡಿ.