ಹಳೆಯ ಹೇಂಟೆಯ ಗೂಡಿಗೆ ಎಳೆಯ ಕೋಳಿಗಳು



ಕೋಳಿ ಕಾಣೆಯಾದೊಡನೆ ಕಬ್ಬೆಕ್ಕಿನ ಮೇಲೆ ದೂರು ಹೊರಿಸುವುದು ಮಲೆನಾಡಿನ ರೂಢಿ. ಆ ಕೋಳಿ ರಾತ್ರಿ ಗೂಡಿನ ಹೊರಗೆ ಏಕಿತ್ತೆಂದು ನಾವು ಕೇಳಿಕೊಳ್ಳುವುದಿಲ್ಲ.

ಕೋಳಿಗಳ ನಡುವೆ ಮೇಲು ಕೀಳುಗಳ ಕಟ್ಟುನಿಟ್ಟಾದ ಶ್ರೇಣಿಯುಂಟು. ನಾರ್ವೆಯ ವಿಜ್ಞಾನಿ ಶೆಲ್ಡರಪ್-ಎಬ್ಬೆ 1920ರ ದಶಕದಲ್ಲಿಯೇ ಇದನ್ನು ವಿವರಿಸಿದರು. ಕೊಂಡು ತಂದ ಗಿರಿರಾಜ ಮರಿಗಳಿಗೆ ಕಾಯುವ ತಾಯಿಯಿಲ್ಲ. ಅವುಗಳನ್ನು ಒಮ್ಮೆಲೇ ಒಳಬಿಟ್ಟರೆ ಹಳೆಯ ಹೇಂಟೆ ಕುಕ್ಕಿ ಅಟ್ಟುತ್ತದೆ. ಅವು ಬೇಲಿಯ ಮೇಲೆ, ಸೌದೆಯ ರಾಶಿಯ ಮೇಲೆ ರಾತ್ರಿ ಕಳೆಯುತ್ತವೆ.

ಆದ್ದರಿಂದ ಹೊಸ ಮರಿಗಳನ್ನು ಮೂರ್ನಾಲ್ಕು ವಾರ ದೂರವಿರಿಸಿ, ರೋಗವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು; ಕೊಕ್ಕರೆ ರೋಗಕ್ಕೆ ಲಸಿಕೆ ಹಾಕಿಸಬೇಕು. ಬಳಿಕ ಎರಡು ವಾರ, ನಡುವೆ ಸಂದುಗಳುಳ್ಳ ಬಿದಿರ ತಡಿಕೆಯಿರಲಿ: ಪರಸ್ಪರ ಕಾಣಬೇಕು, ಮುಟ್ಟಲಾಗದು. ಮರಿಗಳು ಹೇಂಟೆಯ ಗಾತ್ರಕ್ಕೆ ಸಮೀಪಿಸಿದ ಮೇಲೆ, ಕತ್ತಲಾದ ನಂತರ ಎರಡು ಮೂರನ್ನು ಒಟ್ಟಿಗೇ ಗೂಡಿನ ಕೋಲಿನ ಮೇಲೆ ಕೂರಿಸಬೇಕು. ಕತ್ತಲಲ್ಲಿ ಕೋಳಿಗೆ ಕಣ್ಣು ಸರಿಯಾಗಿ ಕಾಣದು. ಜಗಳಕ್ಕೆ ಬೆಳಗಿನವರೆಗೆ ಬಿಡುವು. ಕೋಳಿಯೊಂದಕ್ಕೆ ಕೋಲಿನ ಮೇಲೆ ಸುಮಾರು 8 ಅಂಗುಲ ಜಾಗ, ಎರಡು ಕಡೆ ಕಾಳು ನೀರು, ಓಡಿ ಅಡಗಲು ಒಂದು ಮರೆ ಇರಲಿ. ರಕ್ತ ಕಂಡ ಕೋಳಿಯನ್ನು ಕೂಡಲೇ ಬೇರ್ಪಡಿಸಿರಿ.

ಇಷ್ಟು ತಾಳ್ಮೆಯಿಲ್ಲದೆ ಕಾಡಂಚಿನಲ್ಲಿ ವಿಷವಿಟ್ಟರೆ ಕಬ್ಬೆಕ್ಕಿನೊಡನೆ ಮುಂಗುಸಿಯೂ ಮನೆಯ ನಾಯಿಯೂ ಸಾಯುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿಗೆ ವಿಷವಿಕ್ಕುವುದೂ ಬೇಟೆಯೇ. ತೋಟದ ಇಲಿಗಳನ್ನು ಮತ್ತೆ ಹಿಡಿಯುವವರು ಯಾರು? ಸಂಜೆ ಗೂಡಿನ ಬಾಗಿಲು ಹಾಕುವ ಮುನ್ನ ಒಳಗಿರುವ ತಲೆಗಳನ್ನು ಎಣಿಸೋಣ. ಕಾಡಿನ ರಕ್ಷಣೆ ಅಲ್ಲಿಂದಲೂ ಆರಂಭವಾಗುತ್ತದೆ.