ಸೋರೆಬುರುಡೆಯ ಆಸರೆ

ಹೆಬ್ಬಗೋಡಿಯ ಕೆರೆಯ ಬಳಿ ನಿಂತಾಗಲೆಲ್ಲ ನನಗೆ ಒಣಗಿದ ಸೋರೆಬುರುಡೆಯ ನೆನಪಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಈಜು ಕಲಿಯುವ ಹುಡುಗನ ಬೆನ್ನಿಗೆ ಹಿರಿಯರು ಅದನ್ನು ಕಟ್ಟಿ ಬಾವಿಗೆ ಇಳಿಸುತ್ತಿದ್ದರು. ಒಳಗೆ ಗಾಳಿ, ಹೊರಗೆ ಗಟ್ಟಿ ಸಿಪ್ಪೆ. ತಾನೂ ತೇಲುತ್ತದೆ, ಕಟ್ಟಿಕೊಂಡವನನ್ನೂ ತೇಲಿಸುತ್ತದೆ.

ಈ ತತ್ತ್ವವೇನೂ ಹೊಸದಲ್ಲ. ಕ್ರಿ.ಪೂ. 9ನೆಯ ಶತಮಾನದ ಅಸ್ಸೀರಿಯಾದ ಶಿಲಾಫಲಕಗಳಲ್ಲಿ ಗಾಳಿ ತುಂಬಿದ ತೊಗಲಚೀಲವನ್ನು ತಬ್ಬಿ ನದಿ ದಾಟುವವರಿದ್ದಾರೆ. 1854ರಲ್ಲಿ ಇಂಗ್ಲೆಂಡಿನ ಕ್ಯಾಪ್ಟನ್ ವಾರ್ಡ್ ಕಾರ್ಕಿನ ಬೆಂಡುಗಳನ್ನು ಹೊಲಿಸಿ ಜೀವರಕ್ಷಕ ಅಂಗಿಯನ್ನು ರೂಪಿಸಿದನು. 1861ರಲ್ಲಿ ವಿಟ್‌ಬಿಯ ಕಡಲಿನಲ್ಲಿ ರಕ್ಷಣಾದೋಣಿಯೊಂದು ಮಗುಚಿ 13 ಮಂದಿಯಲ್ಲಿ 12 ಮಂದಿ ಸತ್ತರು. ಆ ಹೊಸ ಅಂಗಿ ತೊಟ್ಟಿದ್ದ ಹೆನ್ರಿ ಫ್ರೀಮನ್ ಒಬ್ಬನೇ ಬದುಕಿದನು. ಮುಂದೆ ಬೆಂಡಿನ ಸ್ಥಾನಕ್ಕೆ ಬಿಳಿಬೂರುಗದ ಅರಳೆಯೂ ಆಮೇಲೆ ಕೃತಕ ಫೋಮೂ ಬಂದವು.

ಇಂದು ನಮ್ಮ ಸುತ್ತಮುತ್ತ ಬಾವಿಗಳು ಮುಚ್ಚಿಹೋಗಿವೆ. ಕಲ್ಲುಗಣಿಯ ಹೊಂಡಗಳು ಮಳೆನೀರು ತುಂಬಿಕೊಂಡು ಬಾಯಿ ತೆರೆದಿವೆ. ಈಜು ಕಲಿಸುವ ಹಿರಿಯರೂ ಇಲ್ಲ, ಬುರುಡೆಯೂ ಇಲ್ಲ. ಮುಳುಗುವವನನ್ನು ಕಂಡು ಧುಮುಕಿದವನೂ ಎಷ್ಟೋ ಸಲ ಮರಳುವುದಿಲ್ಲ. ಎಚ್ಚರಿಕೆಯ ಫಲಕದ ಪಕ್ಕದಲ್ಲಿ ಒಂದು ಹಗ್ಗವನ್ನೂ ತೇಲುವ ಟ್ಯೂಬನ್ನೂ ತೂಗುಹಾಕುವುದು ದೊಡ್ಡ ಖರ್ಚಿನ ಮಾತಲ್ಲ. ಬುರುಡೆ ಕಟ್ಟಿದ ಅಜ್ಜನಿಗೆ ತಿಳಿದಿದ್ದುದು ಇಷ್ಟೇ: ನೀರಿಗಿಳಿಯುವವನಿಗೆ ಧೈರ್ಯಕ್ಕಿಂತ ಮೊದಲು ಆಸರೆ ಬೇಕು.