ಲಾಗಿನ್ ಎಲ್ಲಿ ತಪ್ಪಿತು?

(ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ವೆಬ್‌ಸೈಟುಗಳ ಲಾಗಿನ್ ದೋಷಗಳ ಬಗ್ಗೆ ಮಾತನಾಡಿ ಎಂದು ಸಂಘಟಕರು ಕೇಳಿದಾಗ ನಾನು ಸ್ವಲ್ಪ ಹಿಂಜರಿದೆ. ಇದು ಕಂಪ್ಯೂಟರ್ ಓದಿದವರಿಗೆ ಮಾತ್ರ ಸೇರಿದ ವಿಷಯವೆಂದು ಹಲವರು ಭಾವಿಸಬಹುದು. ಆದರೆ ಇಂದು ವಿದ್ಯಾರ್ಥಿವೇತನದ ಅರ್ಜಿ, ಪ್ರವೇಶ ಪರೀಕ್ಷೆಯ ಅರ್ಜಿ, ಅಂಕಪಟ್ಟಿ ಎಲ್ಲವೂ ಲಾಗಿನ್ ಎಂಬ ಬಾಗಿಲಿನ ಒಳಗಿವೆ. ಕೊನೆಯ ದಿನಾಂಕದ ಸಂಜೆ ಆ ಬಾಗಿಲು ತೆರೆಯದಿದ್ದರೆ ಒಂದು ಕುಟುಂಬಕ್ಕೆ ಇಡೀ ವರ್ಷದ ನೆರವು ತಪ್ಪಿಹೋಗುತ್ತದೆ. ಆದ್ದರಿಂದ ಇದು ನಮ್ಮೆಲ್ಲರ ವಿಷಯ.

ನನ್ನದೇ ಒಂದು ತಪ್ಪಿನಿಂದ ಆರಂಭಿಸುತ್ತೇನೆ. ಕೆಲವು ವರ್ಷಗಳ ಹಿಂದೆ ವಿಜಯನಗರದ ಒಂದು ಚಿಕ್ಕ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದಾಗ, ವಿದ್ಯಾರ್ಥಿಗಳು ಸಹಾಯಧನಕ್ಕೆ ಅರ್ಜಿ ಹಾಕಲು ಒಂದು ವೆಬ್ ಅಪ್ಲಿಕೇಶನ್ ಸಿದ್ಧಪಡಿಸಿದೆ. ಇನ್ನೊಂದು ಪಾಸ್‌ವರ್ಡ್ ನೆನಪಿಡುವ ಕಷ್ಟ ಬೇಡವೆಂದು ಗೂಗಲ್ ಖಾತೆಯಿಂದಲೇ ಲಾಗಿನ್ ಆಗುವ ವ್ಯವಸ್ಥೆ ಮಾಡಿದೆ. ನನ್ನ ಮೇಜಿನ ಮೇಲೆ ಎಲ್ಲವೂ ಸರಿಯಾಗಿತ್ತು. ಕೊನೆಯ ದಿನಾಂಕಕ್ಕೆ ಐದು ದಿನ ಇರುವಾಗ ಫೋನುಗಳು ಬರತೊಡಗಿದವು. "ಸರ್, ಗೂಗಲ್ ಒಳಗೆ ಬಿಡುತ್ತದೆ. ನಿಮ್ಮ ಪುಟಕ್ಕೆ ಬಂದ ಕೂಡಲೇ 'ಸೆಷನ್ ಸರಿಯಿಲ್ಲ, ಮತ್ತೆ ಲಾಗಿನ್ ಆಗಿ' ಎನ್ನುತ್ತದೆ" ಎಂಬುದೇ ಎಲ್ಲರ ದೂರು. ಮೂರು ದಿನ ನಾನು ಕೊಟ್ಟ ಉತ್ತರ ಒಂದೇ: "ಪಾಸ್‌ವರ್ಡ್ ಸರಿಯಾಗಿ ಹಾಕಿ ನೋಡಿ."

ಈ ಉತ್ತರ ಏಕೆ ತಪ್ಪೆಂದು ತಿಳಿಯಲು ಲಾಗಿನ್ ಹೇಗೆ ನಡೆಯುತ್ತದೆ ಎಂಬುದನ್ನು ನೋಡೋಣ. ವೆಬ್‌ನ ಎಚ್‌ಟಿಟಿಪಿ ಎಂಬ ನಿಯಮಾವಳಿಗೆ ನೆನಪಿನ ಶಕ್ತಿ ಇಲ್ಲ. ಒಂದು ಪುಟ ಕೇಳಿದವರೂ ಮುಂದಿನ ಪುಟ ಕೇಳಿದವರೂ ಒಬ್ಬರೇ ಎಂಬುದು ಸರ್ವರಿಗೆ ತಾನಾಗಿ ಗೊತ್ತಾಗುವುದಿಲ್ಲ. ಈ ಕೊರತೆ ನೀಗಿಸಲು 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ಅವರು 'ಕುಕೀ'ಯನ್ನು ರೂಪಿಸಿದರು. ವಿಜಯನಗರದಲ್ಲಿ ಮೆಟ್ರೋ ಹತ್ತಿ ಕೆಂಗೇರಿಯಲ್ಲಿ ಇಳಿದಾಗ ಗೇಟು ನಿಮ್ಮ ಮುಖ ನೋಡುವುದಿಲ್ಲ, ಕೈಯಲ್ಲಿರುವ ಟೋಕನ್ನನ್ನು ಮಾತ್ರ ನೋಡುತ್ತದೆ. ಕುಕೀಯೂ ಹಾಗೆಯೇ. ಅದರಲ್ಲಿರುವ ಗುರುತಿನ ಸಂಖ್ಯೆಯನ್ನು ನೋಡಿ ಸರ್ವರ್ ನಿಮ್ಮನ್ನು ನೆನಪಿಡುತ್ತದೆ. ಈ ನೆನಪಿಗೇ ಸೆಷನ್ ಎನ್ನುತ್ತೇವೆ.

ಗೂಗಲ್ ಅಥವಾ ಡಿಜಿಲಾಕರ್ ಮೂಲಕ ಬೇರೆ ವೆಬ್‌ಸೈಟಿಗೆ ಅನುಮತಿ ಕೊಡುವಾಗ ಇನ್ನೊಂದು ಹಂತ ಸೇರುತ್ತದೆ. ಒಂದು ಕಚೇರಿಗೆ ಹೋಗುತ್ತೀರಿ. ಗುಮಾಸ್ತರು ಒಂದು ಸಂಖ್ಯೆ ಕೊಟ್ಟು, "ಪಕ್ಕದ ಕಚೇರಿಯಲ್ಲಿ ಗುರುತು ಬರೆಸಿಕೊಂಡು ಇದೇ ಕೌಂಟರಿಗೆ ಬನ್ನಿ" ಎನ್ನುತ್ತಾರೆ. ಮರಳಿ ಬರಬೇಕಾದ ಆ ಕೌಂಟರೇ 'ಕಾಲ್‌ಬ್ಯಾಕ್' ವಿಳಾಸ. ಕೊಟ್ಟ ಸಂಖ್ಯೆಗೆ 'ಸ್ಟೇಟ್' ಎಂದೂ, ಬರೆಸಿಕೊಂಡು ತಂದ ಚೀಟಿಗೆ 'ಕೋಡ್' ಎಂದೂ ಹೆಸರು. ಓಆಥ್ 2.0 ಎಂಬ ಈ ಪದ್ಧತಿ 2012ರ ಅಕ್ಟೋಬರಿನಲ್ಲಿ ಪ್ರಕಟವಾಯಿತು. ಕೋಡನ್ನು ಒಂದೇ ಸಲ ಬಳಸಬೇಕು ಎಂಬುದು ಅದರ ನಿಯಮ, ಕೋಡಿನ ಆಯುಸ್ಸು 10 ನಿಮಿಷ ಮೀರಬಾರದು ಎಂಬುದು ಅದರ ಸಲಹೆ.

ಈಗ ಯೋಚಿಸಿ. ನಮ್ಮ ವಿದ್ಯಾರ್ಥಿಗಳು ಗೂಗಲ್ ದಾಟಿ ಬಂದಿದ್ದರು. ಅಂದರೆ ಅವರ ಪಾಸ್‌ವರ್ಡ್ ಸರಿಯಾಗಿಯೇ ಇತ್ತು. ತಪ್ಪಿದ್ದು ಮರಳಿ ಬಂದ ನಂತರ, ನನ್ನ ಕೌಂಟರಿನಲ್ಲಿ. ದೂರಿನಲ್ಲೇ ಉತ್ತರವಿತ್ತು, ನಾನು ಕೇಳಿಸಿಕೊಂಡಿರಲಿಲ್ಲ.

ನಾಲ್ಕನೆಯ ದಿನ ಕೆಂಗೇರಿ ಉಪನಗರದ ಒಬ್ಬ ವಿದ್ಯಾರ್ಥಿನಿ ತಂದೆಯೊಂದಿಗೆ ಕಚೇರಿಗೇ ಬಂದಳು. ಅವಳ ನೋಟ್‌ಬುಕ್ಕಿನಲ್ಲಿ ಪ್ರಯತ್ನಿಸಿದ ಸಮಯ, ಬಳಸಿದ ಮೊಬೈಲ್, ಪ್ರತಿ ಹಂತದಲ್ಲೂ ಮೇಲಿನ ಪಟ್ಟಿಯಲ್ಲಿ ಕಂಡ ವಿಳಾಸ ಎಲ್ಲವೂ ಸಾಲಾಗಿ ಬರೆದಿದ್ದವು. ಮೊದಲ ಸಾಲಿನ ವಿಳಾಸದಲ್ಲಿ 'ಡಬ್ಲ್ಯೂ ಡಬ್ಲ್ಯೂ ಡಬ್ಲ್ಯೂ' ಇರಲಿಲ್ಲ. ಕೊನೆಯ ಸಾಲಿನಲ್ಲಿ ಇತ್ತು. "ಸರ್, ಇವೆರಡೂ ಒಂದೇನಾ?" ಎಂದು ಅವಳು ಕೇಳಿದಳು.

ನಮ್ಮ ಕಣ್ಣಿಗೆ ಒಂದೇ, ಬ್ರೌಸರಿಗೆ ಬೇರೆ ಬೇರೆ. ನಾವು ಸೂಚನಾ ಫಲಕಕ್ಕೆ ಅಂಟಿಸಿದ್ದ ಕಾಗದದಲ್ಲಿ ಡಬ್ಲ್ಯೂಗಳಿಲ್ಲದ ವಿಳಾಸವಿತ್ತು. ಅಲ್ಲಿ ಕೊಟ್ಟ ಕುಕೀಯನ್ನು ಬ್ರೌಸರ್ ಡಬ್ಲ್ಯೂಗಳಿರುವ ಕಾಲ್‌ಬ್ಯಾಕ್ ವಿಳಾಸಕ್ಕೆ ತೋರಿಸುವುದಿಲ್ಲ. ಕುಕೀ ಬಾರದಿದ್ದರೆ ಸ್ಟೇಟ್ ಸಂಖ್ಯೆ ತಾಳೆಯಾಗುವುದಿಲ್ಲ. ನಾನು ಮಾತ್ರ ದಿನವೂ ಡಬ್ಲ್ಯೂಗಳಿರುವ ವಿಳಾಸದಿಂದಲೇ ಒಳಹೋಗುತ್ತಿದ್ದೆ. ಆದ್ದರಿಂದ ನನಗೆ ದೋಷ ಕಾಣಲೇ ಇಲ್ಲ. ಯಾವ ವಿಳಾಸದಿಂದ ಬಂದರೂ ಮೊದಲು ಒಂದೇ ವಿಳಾಸಕ್ಕೆ ಕಳುಹಿಸುವಂತೆ ಮಾಡಿದೆ. ಅರ್ಧ ಗಂಟೆಯ ಕೆಲಸ. ಕೊನೆಯ ದಿನಾಂಕವನ್ನೂ ಒಂದು ವಾರ ಮುಂದಕ್ಕೆ ಹಾಕಿಸಿದೆವು. ಆದರೂ ಆ ಮೂರು ದಿನಗಳಲ್ಲಿ ಬೇಸತ್ತು ಮತ್ತೆ ಬಾರದೇ ಹೋದವರು ಎಷ್ಟು ಮಂದಿಯೋ, ಆ ಭಾರ ಇಂದಿಗೂ ನನ್ನ ಮೇಲಿದೆ.

ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು. ಅವಳು ಬರುವ ಹಿಂದಿನ ರಾತ್ರಿ ಸ್ಟೇಟ್ ಪರಿಶೀಲನೆಯನ್ನೇ ತೆಗೆದುಹಾಕಲು ಹೊರಟಿದ್ದೆ. ತೆಗೆದಿದ್ದರೆ ದೋಷ ಮಾಯವಾಗುತ್ತಿತ್ತು, ಅಪಾಯ ಉಳಿಯುತ್ತಿತ್ತು. ಆ ಪರಿಶೀಲನೆ ಇಲ್ಲದಿದ್ದರೆ ಮೋಸಗಾರನೊಬ್ಬ ತನ್ನ ಕೋಡ್ ಇರುವ ಲಿಂಕನ್ನು ಕಳುಹಿಸಿ, ನಿಮಗೆ ತಿಳಿಯದಂತೆ ತನ್ನ ಖಾತೆಯೊಳಗೆ ನಿಮ್ಮನ್ನು ಕೂರಿಸಬಹುದು. ನೀವು ಹಾಕುವ ಅಂಕಪಟ್ಟಿ, ಬ್ಯಾಂಕ್ ವಿವರ ಅವನ ಕೈಸೇರುತ್ತವೆ. ಬೀಗ ತೆರೆಯುವುದಿಲ್ಲವೆಂದು ಬಾಗಿಲನ್ನೇ ಕಿತ್ತು ಹಾಕಬಾರದು.

ತಂತ್ರಾಂಶ ಕಲಿಯುವ ಮಿತ್ರರು ಇಷ್ಟನ್ನು ರೂಢಿ ಮಾಡಿಕೊಳ್ಳಿ. ಕಂಪ್ಯೂಟರಿನ ಬ್ರೌಸರಿನಲ್ಲಿ ಎಫ್12 ಒತ್ತಿ 'ನೆಟ್‌ವರ್ಕ್' ಭಾಗ ತೆರೆಯಿರಿ. ಪುಟ ಬದಲಾದರೂ ದಾಖಲೆ ಅಳಿಯದಂತೆ 'ಪ್ರಿಸರ್ವ್ ಲಾಗ್' ಆಯ್ಕೆ ಮಾಡಿ. ಸರ್ವರ್ ಕುಕೀ ಕೊಟ್ಟಿತೇ, ಕಾಲ್‌ಬ್ಯಾಕ್‌ಗೆ ಅದು ಮರಳಿತೇ ಎಂದು ಸಾಲು ಸಾಲಾಗಿ ನೋಡಿ. ಕುಕೀ ಬಾರದಿದ್ದರೆ ವಿಳಾಸವನ್ನೂ 'ಸೇಮ್‌ಸೈಟ್' ನಿಯಮವನ್ನೂ ಪರೀಕ್ಷಿಸಿ. 2020ರಲ್ಲಿ ಕ್ರೋಮ್ ಈ ನಿಯಮವನ್ನು ಬಿಗಿಗೊಳಿಸಿತು. ಕುಕೀ ಬಂದರೂ ಸರ್ವರ್ ಗುರುತಿಸದಿದ್ದರೆ, ಎರಡು ಸರ್ವರುಗಳಿದ್ದು ಸೆಷನ್ ಒಂದರಲ್ಲೇ ಉಳಿದಿರಬಹುದು. ಲಾಗಿನ್ ಆದ ಕೂಡಲೇ ಅವಧಿ ಮುಗಿದರೆ ಗಡಿಯಾರ ನೋಡಿ. ಭಾರತೀಯ ಸಮಯಕ್ಕೂ ಯುಟಿಸಿಗೂ ಇರುವ ಐದೂವರೆ ಗಂಟೆಯ ವ್ಯತ್ಯಾಸ ಅನೇಕರನ್ನು ದಾರಿ ತಪ್ಪಿಸಿದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಕೋಡ್ ಅಥವಾ ಟೋಕನ್ ಕಾಣುವ ಚಿತ್ರವನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ.

ಉಳಿದ ವಿದ್ಯಾರ್ಥಿಗಳಿಗೆ ಒಂದು ಕಿವಿಮಾತು. ಲಾಗಿನ್ ಆಗದಿದ್ದರೆ ನಿಮ್ಮದೇ ತಪ್ಪೆಂದು ಸುಮ್ಮನಾಗಬೇಡಿ. ಸಮಯ, ವಿಳಾಸ, ಬಂದ ಸಂದೇಶವನ್ನು ಬರೆದಿಟ್ಟು ಕೇಳಿ. ವಿಳಾಸದಲ್ಲಿ 'ಕೋಡ್' ಎಂದಿರುವ ಭಾಗವನ್ನು ಮಾತ್ರ ಬಿಟ್ಟುಬಿಡಿ. ಸೈಬರ್ ಸೆಂಟರಿನಲ್ಲಿ ಕೆಲಸ ಮುಗಿದ ಮೇಲೆ ಲಾಗ್‌ಔಟ್ ಆಗದೆ ಏಳಬೇಡಿ.

ಆ ನೋಟ್‌ಬುಕ್ಕಿನ ಒಂದು ಪುಟ ನನಗೆ ಮೂರು ದಿನ ಕಾಣದ್ದನ್ನು ತೋರಿಸಿತು. ಬರೆದುಕೊಂಡು ಬಂದು ಪ್ರಶ್ನಿಸುವ ವಿದ್ಯಾರ್ಥಿಗಳು, ಕೇಳಿಸಿಕೊಳ್ಳುವ ತಂತ್ರಜ್ಞರು ನಮ್ಮ ನಡುವೆ ಹೆಚ್ಚಲಿ ಎಂದು ಹಾರೈಸುತ್ತೇನೆ.